ಮಹಡಿ ಮೇಷ್ಟ್ರು ಕಲಿತ ತಮಿಳು

ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಮೇಷ್ಟ್ರಂಥ ಬುದ್ಧಿವಂತ ಪೆದ್ದರನ್ನು ನಾನು ಈ ಜನ್ಮದಲ್ಲಿ ಇನ್ನೊಬ್ಬರನ್ನು ಕಂಡಿಲ್ಲ. ಇದನ್ನು ಅವರ ಬೆನ್ನ ಹಿಂದೆ ಹೇಳುತ್ತಿಲ್ಲ, ಎದುರಿಗೇ ಹೇಳಿದ್ದೇನೆ. ಅದೂ ಅಚ್ಚ ಕನ್ನಡದಲ್ಲಿ ಹೇಳಿದ್ದೇನೆ. ಅವರು ಎದೆಯ ಮೇಲೆ ಕೈಯಿಟ್ಟುಕೊಂಡು "ಬಹಳ ಸಂತೋಷ" ಅಂದರು! ಭೂಗೋಳದ ಮೇಷ್ಟ್ರು ಅವರು. ಕಣ್ಣು ಮುಚ್ಚಿಕೊಂಡು ಪ್ರಪಂಚದ ನಕ್ಷೆ ಬರೆಯುತ್ತಾರೆ. ಯಾವ ನದಿ ಎಲ್ಲಿ ಹುಟ್ಟಿ ಯಾವ ಸಮುದ್ರಕ್ಕೆ ಸೇರುತ್ತದೆ ಅಂತ ಅರೆನಿದ್ದೆಯಲ್ಲಿ ಕೇಳಿದರೂ ಹೇಳುತ್ತಾರೆ. ಅಂಥವರು ಚೆನ್ನೈನಂಥ ಚೆನ್ನೈನಲ್ಲಿ ಆರೇಳು ತಿಂಗಳು ಬಾಳಿ, ಊರಿನ ಜನರೊಡನೆ ದಿನಾ ಬಾಯಿತುಂಬ ಮಾತಾಡಿ, ಆ ಊರಿನ ಭಾಷೆ ಯಾವುದು ಅಂತಲೇ ತಿಳಿಯದೆ ಉಳಿದರು ಅಂದರೆ ನೀವು ನಂಬುತ್ತೀರಾ? ನಂಬಬೇಡಿ. ಕಣ್ಣಾರೆ ಕಂಡ ನನಗೇ ನಂಬಲು ಒಂದು ವಾರ ಬೇಕಾಯಿತು.

ಅವರ ಊರು ವೇಲ್ಸ್. "ಇಂಗ್ಲೆಂಡಿನ ಪಕ್ಕದಲ್ಲಿ ಇದೆಯಲ್ಲ, ಅದೇ ತಾನೇ?" ಅಂತ ಕೇಳಿದರೆ ಮೂಗು ಕೆಂಪಾಗುತ್ತದೆ. "ಇಂಗ್ಲೆಂಡೇ ವೇಲ್ಸಿನ ಪಕ್ಕದಲ್ಲಿರುವುದು" ಅಂತ ತಿದ್ದುತ್ತಾರೆ. ವಯಸ್ಸು ಅರವತ್ತಕ್ಕೆ ಒಂದೆರಡು ಕಡಿಮೆ, ಎತ್ತರ ಆರಡಿಗೆ ಎರಡು ಬೆರಳು ಹೆಚ್ಚು. ಚೆನ್ನೈನ ಒಂದು ದೊಡ್ಡ ಶಾಲೆಯವರು ಒಂದು ವರ್ಷದ ಮಟ್ಟಿಗೆ ಅಂತ ಕರೆಸಿಕೊಂಡಿದ್ದರು. ಮಹಾನುಭಾವರು ಬಂದಿಳಿದದ್ದು ಯಾವಾಗ? ಮೇ ತಿಂಗಳಲ್ಲಿ! ಇಲ್ಲಿಯವರು ಕತ್ತಿರಿ ಅಂತ ಕರೆಯುವ, ನಾಯಿಗಳಿಗೂ ಬೊಗಳಲು ಬೇಸರವಾಗುವ ಬಿಸಿಲಿನಲ್ಲಿ. ಮೈಮೇಲೆ ಏನಿತ್ತು? ಉಣ್ಣೆಯ ಕೋಟು! ಬ್ರೋಕರನ ಹಿಂದೆ ನಮ್ಮ ಗೇಟಿನೊಳಗೆ ಕಾಲಿಟ್ಟಾಗ ಅವರ ಮುಖ ಬೇಯಿಸಿದ ಬೀಟ್‌ರೂಟಿನ ಬಣ್ಣದಲ್ಲಿತ್ತು.

ನಮ್ಮದು ವಡಪಳನಿಯ ದೇವಸ್ಥಾನದ ಹಿಂದಿನ ಬೀದಿಯೊಂದರಲ್ಲಿ ಹಳೆಯ ಮನೆ. ಕೆಳಗೆ ನಾವು ನಾಲ್ವರು: ನನ್ನ ಅತ್ತೆ, ನಮ್ಮವರು, ನಾನು, ಹನ್ನೊಂದನೇ ಕ್ಲಾಸಿನ ಮಗಳು. ನಾನು ಮೈಸೂರಿನಿಂದ ಮದುವೆಯಾಗಿ ಬಂದವಳು. ಅತ್ತೆಯ ಮನೆತನದವರು ಮಾತ್ರ ಮುತ್ತಜ್ಜನ ಕಾಲದಿಂದ ಮದರಾಸಿನವರೇ. ಮನೆಮಾತು ಕನ್ನಡ, ಆದರೆ ಎಂಥ ಕನ್ನಡ! ಅರ್ಧ ತಮಿಳು ಬೆರೆಸಿ ಕಲಸಿದ ಕನ್ನಡ. "ಸೀಕ್ರ ಬಾರೇ, ರಸಕ್ಕೆ ಕೊಂಜ ಉಪ್ಪು ಹಾಕು" ಅಂತ ಮದುವೆಯಾದ ಹೊಸತರಲ್ಲಿ ಅತ್ತೆ ಹೇಳಿದಾಗ, ಕೊಂಜ ಅನ್ನುವ ಹೆಸರಿನ ಉಪ್ಪು ಎಲ್ಲಿದೆ ಅಂತ ನಾನು ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೆಗೆದು ನೋಡಿದ್ದೆ. ಸ್ವಲ್ಪ ಅಂತ ಹೇಳಲು ಏನು ಕಷ್ಟ ಇವರಿಗೆ?

ಮಾವ ತೀರಿಕೊಂಡ ಮೇಲೆ ಮಹಡಿ ಖಾಲಿಯಿತ್ತು. ಮೇಷ್ಟ್ರನ್ನು ಜಗಲಿಯಲ್ಲಿ ಕೂರಿಸಿ ಅತ್ತೆ ಸಂದರ್ಶನ ಮಾಡಿದರು. ನಾನು ದುಭಾಷಿ.

"ಮಾಂಸ ಮೀನು ಬೇಯಿಸ್ತಾನಾ, ಕೇಳು."

"ನನಗೆ ಮಾಡಲು ಬರುವುದೇ ಮೂರು" ಅಂದರು ಮೇಷ್ಟ್ರು ಇಂಗ್ಲಿಷಿನಲ್ಲಿ. "ಮೊಟ್ಟೆ, ಆಲೂಗಡ್ಡೆ, ಚಹಾ. ಬೇಕಾದರೆ ಮೊಟ್ಟೆ ಬಿಡುತ್ತೇನೆ."

ಅತ್ತೆಯ ಕಣ್ಣು ತೇವವಾಯಿತು. "ಅಯ್ಯೋ ಪಾವಂ! ಬರೀ ಆಲೂಗಡ್ಡೆ ತಿಂದು ಬದುಕ್ತಾನಾ? ಕೊಟ್ಟುಬಿಡೇ ಮನೆ." ಬಾಡಿಗೆಯ ಮಾತು ಶುರುವಾಗುವ ಮೊದಲೇ ಅವರಿಗೆ ಒಂದು ತಟ್ಟೆ ಮೊಸರನ್ನ ಬಂತು. ಮೇಷ್ಟ್ರು ಅದನ್ನು ತಿಂದು, ಚಮಚ ನೆಕ್ಕಿ, ಇದು ಊಟವೋ ಔಷಧಿಯೋ ಅಂತ ಕೇಳಿದರು. ಎರಡೂ ಅಂದೆ. ಅಂದಿನಿಂದ ಇಂದಿನವರೆಗೂ ಮಧ್ಯಾಹ್ನ ಅವರಿಗೆ ಅದೇ ಊಟ.

ಮಾರನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ಮೇಷ್ಟ್ರು ಮೈಗೆ ಸೋಪು ಮೆತ್ತಿಕೊಂಡು, ಟವೆಲು ಸುತ್ತಿಕೊಂಡು ಮೆಟ್ಟಿಲ ಮೇಲೆ ಪ್ರತ್ಯಕ್ಷರಾದರು. "ಕ್ಷಮಿಸಿ, ಗೀಸರಿನ ಸ್ವಿಚ್ಚು ಎಲ್ಲಿದೆ? ಆಫ್ ಮಾಡಬೇಕು!" ನಮ್ಮ ಮನೆಯಲ್ಲಿ ಗೀಸರೇ ಇಲ್ಲ. ನಾನು ಸುಮ್ಮನೆ ಆಕಾಶದ ಕಡೆ ಬೆರಳು ತೋರಿಸಿದೆ. ಮೇ ತಿಂಗಳಲ್ಲಿ ಮಹಡಿಯ ಮೇಲಿನ ಟ್ಯಾಂಕಿಗಿಂತ ದೊಡ್ಡ ಗೀಸರು ಯಾವುದಿದೆ? ಬೇರೆ ಯಾರಾದರೂ ಆಗಿದ್ದರೆ ಬಾಡಿಗೆ ವಾಪಸು ಕೇಳುತ್ತಿದ್ದರು. ಇವರು ಸೋಪಿನ ಕೈಯಲ್ಲೇ ಬಿಸಿಲನ್ನು ಸ್ವಲ್ಪ ಹೊತ್ತು ದಿಟ್ಟಿಸಿ, "ಅದ್ಭುತ!" ಅಂತ ಉದ್ಗರಿಸಿ ಮೇಲೆ ಹೋದರು. ಮಾರನೆಯ ದಿನದಿಂದ ಬೆಳಗಿನ ಜಾವ ಐದಕ್ಕೆ ಎದ್ದು ಎಲ್ಲ ಬಕೆಟ್ಟುಗಳಲ್ಲಿ ತಣ್ಣೀರು ಹಿಡಿದಿಡುವ ಅಭ್ಯಾಸ ಶುರುಮಾಡಿದರು. ಇಪ್ಪತ್ತು ವರ್ಷ ಈ ಮನೆಯಲ್ಲಿ ಬೆಂದ ನನಗೆ ಅದು ಹೊಳೆದಿರಲಿಲ್ಲ. ಈಗ ನಾನೂ ಹಿಡಿದಿಡುತ್ತೇನೆ, ಯಾರಿಗೂ ಹೇಳಬೇಡಿ.

ಇನ್ನು ಅವರ ನೆರಳಿನ ನಕ್ಷೆ! ಬಸ್‌ಸ್ಟಾಪಿಗೆ ಹೋಗುವ ನಮ್ಮ ಬೀದಿಯಲ್ಲಿ ಎಷ್ಟು ಗಂಟೆಗೆ ಯಾವ ಕಡೆ ನೆರಳು ಬೀಳುತ್ತದೆ, ಯಾವ ಮನೆಯ ಸಜ್ಜೆ ಎಷ್ಟು ಚಾಚಿದೆ, ಯಾವ ಬೇವಿನ ಮರದ ಕೆಳಗೆ ಎಷ್ಟು ಹೊತ್ತು ನಿಲ್ಲಬಹುದು, ಎಲ್ಲವನ್ನೂ ಒಂದು ದೊಡ್ಡ ಹಾಳೆಯ ಮೇಲೆ ಬಣ್ಣದ ಪೆನ್ಸಿಲಿನಲ್ಲಿ ಬರೆದರು. ಆಮೇಲೆ ಅದರ ಪ್ರಕಾರವೇ ನಡೆದರು. ಹತ್ತು ಹೆಜ್ಜೆ ಎಡಕ್ಕೆ, ರಸ್ತೆ ದಾಟಿ ಇಪ್ಪತ್ತು ಹೆಜ್ಜೆ ಬಲಕ್ಕೆ, ಮತ್ತೆ ಎಡಕ್ಕೆ. ದೂರದಿಂದ ನೋಡಿದವರು ಬೆಳಗ್ಗೆಯೇ ಕುಡಿದಿದ್ದಾರೆ ಅಂದುಕೊಳ್ಳಬೇಕು, ಹಾಗೆ! ಬೀದಿಯ ಜನ ಒಂದು ವಾರ ನಕ್ಕರು. ಎರಡನೇ ವಾರ ಇಸ್ತ್ರಿಯವನು ಮೆಲ್ಲಗೆ ಮೇಷ್ಟ್ರ ಹತ್ತಿರ ನಕ್ಷೆ ತೋರಿಸಿ ಅಂದ. ನೋಡಿದ. ಬಂಡಿಯನ್ನು ಹತ್ತೂವರೆಯವರೆಗೆ ಈ ಕಡೆ, ಆಮೇಲೆ ಆ ಕಡೆ ನಿಲ್ಲಿಸಲು ಶುರುಮಾಡಿದ. ಅದೇ ಬೀದಿಯಲ್ಲಿ ಮೂವತ್ತು ವರ್ಷ ಬೆವರಿದ ಮನುಷ್ಯ! ಈಗ ಮೇಷ್ಟ್ರ ಶರ್ಟುಗಳಿಗೆ ಅವನು ಹಾಕುವ ಗೆರೆಯನ್ನು ನೋಡಬೇಕು, ಬೆರಳು ತಾಗಿದರೆ ಕುಯ್ಯುವಂತಿರುತ್ತದೆ.

ಇಷ್ಟೆಲ್ಲ ಆದಮೇಲೆ ಮೇಷ್ಟ್ರಿಗೆ ಊರಿನ ಭಾಷೆ ಕಲಿಯುವ ಹಟ ಬಂತು. ಇಲ್ಲಿಂದ ಮುಂದೆ ಸ್ವಲ್ಪ ಗಮನವಿಟ್ಟು ಓದಿ.

ಅವರ ಹತ್ತಿರ ಇರುವುದು ಗುಂಡಿ ಒತ್ತುವ ಹಳೆಯ ಫೋನು. ಅದರಲ್ಲಿ ಏನನ್ನೂ ಕಲಿಯುವಂತಿಲ್ಲ. ಪುಸ್ತಕವೂ ಬೇಡ, ಅಕ್ಷರವೂ ಬೇಡ, ಮಗು ಹೇಗೆ ಮೊದಲು ಕೇಳಿ ಕಲಿಯುತ್ತದೋ ಹಾಗೆಯೇ ಕಲಿಯಬೇಕು ಅನ್ನುವುದು ಅವರ ಸಿದ್ಧಾಂತ. ಶಾಲೆಯಲ್ಲಿ ಯಾರನ್ನಾದರೂ ಕೇಳಿದರೆ ಸುದ್ದಿ ಬಯಲಾಗುತ್ತದೆ, ಎಲ್ಲರನ್ನೂ ಒಮ್ಮೆಲೇ ಬೆರಗುಗೊಳಿಸಬೇಕು ಅಂತ ಬೇರೆ ಆಸೆ. ಸರಿ, ಸಂಜೆ ಐದಕ್ಕೆ ಶಾಲೆಯಿಂದ ಬಂದವರೇ ಜಗಲಿಯಲ್ಲಿ ಹೂ ಕಟ್ಟುತ್ತ ಕೂತಿರುವ ನಮ್ಮ ಅತ್ತೆಯ ಎದುರಿಗೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂರತೊಡಗಿದರು. ನಾನು ಅಂಬತ್ತೂರಿನ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ ಮಾಡುವವಳು, ಎರಡು ಬಸ್ಸು ಬದಲಿಸಿ ಮನೆ ಸೇರುವುದು ಏಳಕ್ಕೆ. ಅಷ್ಟು ಹೊತ್ತಿಗೆ ಪಾಠ ಮುಗಿದಿರುತ್ತಿತ್ತು.

ಒಂದು ಸಂಜೆ ನಾನು ಗೇಟು ತೆಗೆಯುವ ಹೊತ್ತಿಗೆ ನಮ್ಮವರು ಸ್ಕೂಟರು ನಿಲ್ಲಿಸುತ್ತಿದ್ದರು. ಮೇಷ್ಟ್ರು ಮಹಡಿಯಿಂದ ಬಗ್ಗಿ, ತುಂಬು ಪ್ರೀತಿಯಿಂದ ನಮ್ಮವರಿಗೆ ಹೇಳಿದರು: "ಏನೇ, ಈಗ ಬಂದ್ಯಾ? ಕೈಕಾಲು ತೊಳ್ಕೊಳ್ಳೇ!"

ಸ್ಕೂಟರು ಬಿತ್ತು. ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ದಿನಾ ನನ್ನನ್ನು ಮಾತಾಡಿಸುವುದು ಹೇಗೋ ಹಾಗೆಯೇ ಕಲಿತುಬಿಟ್ಟಿದ್ದಾರೆ! ನನಗಾಗ ಅನ್ನಿಸಿದ್ದು ಇಷ್ಟೇ: ವಿಚಿತ್ರ ಮನುಷ್ಯ, ಚೆನ್ನೈಗೆ ಬಂದು ಕನ್ನಡ ಕಲಿಯುತ್ತಿದ್ದಾರೆ, ಕನ್ನಡದವರ ಮನೆಯಲ್ಲಿದ್ದಾರಲ್ಲ, ಕಲಿಯಲಿ ಪಾಪ. "ನಿಮ್ಮ ಭಾಷೆ ಚೆನ್ನಾಗಿ ಬರುತ್ತಿದೆ" ಅಂದೆ. "ಥ್ಯಾಂಕ್ಸ್" ಅಂದರು. ಯಾವ ಭಾಷೆ ಅಂತ ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಅಂಥದ್ದನ್ನು ಯಾರಾದರೂ ಬಿಡಿಸಿ ಹೇಳುತ್ತಾರೆಯೇ?

ಅತ್ತೆ ಬಾಯಲ್ಲಿ ಏನು ಬರುತ್ತದೋ ಅದೆಲ್ಲ ಮೇಷ್ಟ್ರ ನೋಟ್‌ಬುಕ್ಕಿಗೆ. ಅತ್ತೆಗೆ ಮಂಡಿನೋವು, ಕೂತಲ್ಲಿಂದ ಏಳುವಾಗಲೆಲ್ಲ "ಅಯ್ಯೋ ನನ್ನ ಮಂಡೀ" ಅನ್ನುತ್ತಾರೆ. ಅದು ಏಳುವಾಗ ಹೇಳಲೇಬೇಕಾದ ಶ್ಲೋಕ ಅಂದುಕೊಂಡು, ಮೇಷ್ಟ್ರೂ ಕುರ್ಚಿಯಿಂದ ಏಳುವಾಗ ಭಕ್ತಿಯಿಂದ "ಅಯ್ಯೋ ನನ್ನ ಮಂಡೀ" ಅನ್ನತೊಡಗಿದರು. ಕುದುರೆಯ ಹಾಗೆ ನಡೆಯುವ ಮನುಷ್ಯ! ಅತ್ತೆ ಆಕಳಿಸಿದರೆ "ರಾಘವೇಂದ್ರಾ" ಅನ್ನುತ್ತಾರೆ. ಶಾಲೆಯ ಮೀಟಿಂಗಿನಲ್ಲಿ ಪ್ರಿನ್ಸಿಪಾಲರ ಭಾಷಣ ಅರ್ಧ ಗಂಟೆ ದಾಟಿದಾಗ ಮೇಷ್ಟ್ರು ಬಾಯಿಗೆ ಕೈ ಅಡ್ಡ ಹಿಡಿದು "ರಾಘವೇಂದ್ರಾ" ಅಂದರಂತೆ. ಪ್ರಿನ್ಸಿಪಾಲರು ಅವರ ದೈವಭಕ್ತಿಗೆ ತಲೆದೂಗಿದರಂತೆ.

ಬೀದಿಯಲ್ಲಿ ಕಥೆ ಬೇರೆ. ಆಟೋದವನನ್ನು ನಿಲ್ಲಿಸಿ, "ಕೋಡಂಬಾಕ್ಕಕ್ಕೆ ಬರ್ತೀಯಾ? ಜಾಸ್ತಿ ಕೇಳ್ಬೇಡ, ನಾನು ಬಡವ" ಅಂತ ಅತ್ತೆ ಕಲಿಸಿದ್ದನ್ನು ಒಪ್ಪಿಸಿದರು. ಆಟೋದವನು ಆ ಕೆಂಪು ಮುಖ, ನೀಲಿ ಕಣ್ಣುಗಳನ್ನು ಮೇಲಿಂದ ಕೆಳಗೆ ನೋಡಿ ಗಂಭೀರವಾಗಿ ಕೇಳಿದ: "ಸಾರ್, ನೀಂಗ ಆಂಧ್ರಾವಾ?"

ಮನೆಗೆ ಬಂದ ಮೇಷ್ಟ್ರು ಕುಣಿದಾಡಿಬಿಟ್ಟರು. "ಅಮ್ಮಾ, ಅವನು ನನ್ನನ್ನು ಆಂಧ್ರದವನು ಅಂದ್ಕೊಂಡ! ನಾನು ಇಂಡಿಯನ್ ಥರ ಮಾತಾಡ್ತೀನಿ!" ಆದರೆ ಜನ ತಾನು ಹೇಳಿದ್ದಕ್ಕೆ ಮಿಕಮಿಕ ನೋಡುತ್ತಾರಲ್ಲ, ಯಾಕೆ? ಉಚ್ಚಾರ ಸಾಲದು, ಅಷ್ಟೆ. ಬಚ್ಚಲುಮನೆಯಲ್ಲಿ ಕನ್ನಡಿಯೆದುರು ನಿಂತು ಳಕಾರ ಣಕಾರಗಳನ್ನು ತಿದ್ದತೊಡಗಿದರು. ಆರು ತಿಂಗಳು! ಬೆಳಗಿನ ಜಾವ ಬಕೆಟ್ಟಿಗೆ ನೀರು ಬೀಳುವ ಶಬ್ದದ ಜೊತೆಗೆ "ಬಾಳೆಹಣ್ಣು, ಕೊಳೆತ ಬಾಳೆಹಣ್ಣು" ಅಂತ ಮಹಡಿಯಿಂದ ಜಪ ಕೇಳಿಸುತ್ತಿತ್ತು.

ನವೆಂಬರಿನಲ್ಲಿ ಮಳೆ ಹಿಡಿದು ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತಾಗ ಶಾಲೆಗಳಿಗೆ ರಜೆ ಕೊಟ್ಟರು. "ಮಳೆಗೆ ರಜೆಯೇ? ನಮ್ಮ ಊರಲ್ಲಿ ಹಾಗೆ ಕೊಟ್ಟರೆ ಶಾಲೆಯ ಬಾಗಿಲು ತೆಗೆಯುವ ದಿನವೇ ಇರುವುದಿಲ್ಲ" ಅಂತ ಮೇಷ್ಟ್ರು ಪ್ಯಾಂಟು ಮಡಚಿಕೊಂಡು ನೀರಿನಲ್ಲಿ ನಡೆದೇ ಹೋದರು. ಶಾಲೆಯಲ್ಲಿ ಇದ್ದದ್ದು ಒಬ್ಬ ವಾಚ್‌ಮನ್. ಸಂಬಳ ತಗೊಂಡ ಮೇಲೆ ಪಾಠ ಮಾಡಬೇಡವೇ? ಅವನನ್ನೇ ಕೂರಿಸಿಕೊಂಡು, ತಾನು ಕಲಿತ 'ತಮಿಳಿ'ನಲ್ಲಿ, ಚಂಡಮಾರುತ ಹೇಗೆ ಹುಟ್ಟುತ್ತದೆ ಅಂತ ಒಂದು ಗಂಟೆ ವಿವರಿಸಿದರು. ವಾಚ್‌ಮನ್ ಉದ್ದಕ್ಕೂ ತಲೆಯಾಡಿಸಿದನಂತೆ. ಆಮೇಲೆ ಎಲ್ಲರಿಗೂ ಹೇಳಿದನಂತೆ: "ಸಾರ್ ರೊಂಬ ನಲ್ಲಾ ಇಂಗ್ಲಿಷ್ ಪೇಸಿನಾರು. ಒಣ್ಣುಮೇ ಪುರಿಯಲೆ!" ಇಂಗ್ಲಿಷು ಬಹಳ ಚೆನ್ನಾಗಿ ಮಾತಾಡಿದರು, ನನಗೆ ಒಂದೂ ಅರ್ಥವಾಗಲಿಲ್ಲ ಅಂತ.

ನಗಿ, ನಗಿ. ಡಿಸೆಂಬರಿನ ಒಂದು ಶನಿವಾರದ ಸಂಜೆಯವರೆಗೆ ನಾನೂ ನಗುತ್ತಲೇ ಇದ್ದೆ.

ಅಂದು ಮೇಷ್ಟ್ರು ಜಗಲಿಗೆ ಬಂದು ಒಂದು ಆಹ್ವಾನಪತ್ರಿಕೆಯನ್ನು ನನ್ನ ಕೈಗಿಟ್ಟರು. ಮುಂದಿನ ಶನಿವಾರ ಶಾಲೆಯ ವಾರ್ಷಿಕೋತ್ಸವ. ಅದರಲ್ಲಿ ಅವರ ಹೆಸರಿನ ಕೆಳಗೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು: ಪೋಷಕರನ್ನು ಉದ್ದೇಶಿಸಿ ತಮಿಳಿನಲ್ಲಿ ಭಾಷಣ.

"ಪ್ರಿನ್ಸಿಪಾಲರಿಗೆ ನಾನು ಈ ಊರಿಗೆ ಹೊಂದಿಕೊಳ್ಳುತ್ತೇನೋ ಇಲ್ಲವೋ ಅಂತ ಅನುಮಾನ" ಅಂದರು ಇಂಗ್ಲಿಷಿನಲ್ಲಿ. "ಇನ್ನೆರಡು ವರ್ಷ ಇರಬೇಕು ಅಂತ ನನಗೆ ಆಸೆ. ಈ ಭಾಷಣ ಕೇಳಿದ ಮೇಲೆ ಅವರೇ ಇರಿ ಅನ್ನುತ್ತಾರೆ. ಕೇಳಿ, ಒಪ್ಪಿಸುತ್ತೇನೆ." ಎದ್ದು ನಿಂತರು, "ಅಯ್ಯೋ ನನ್ನ ಮಂಡೀ" ಅಂದರು, ಗಂಟಲು ಸರಿಮಾಡಿಕೊಂಡರು. "ಎಲ್ಲರಿಗೂ ನಮಸ್ಕಾರ! ನಾನು ಈ ಊರಿಗೆ ಬಂದಾಗ ನನಗೆ ಒಂದು ಮಾತೂ ಬರ್ತಿರ್ಲಿಲ್ಲ. ಈಗ ನೋಡಿ, ನಿಮ್ಮ ತಮಿಳು ನನ್ನ ಬಾಯಲ್ಲಿ ಬಂದು ಕೂತಿದೆ. ಎಷ್ಟು ಸಿಹಿಯಾದ ಭಾಷೆ!"

ಆಹ್ವಾನಪತ್ರಿಕೆಯನ್ನು ಇನ್ನೊಮ್ಮೆ ಓದಿದೆ. ಅತ್ತೆಯ ಕಡೆ ನೋಡಿದೆ. ಅತ್ತೆ ಮಲ್ಲಿಗೆ ಮೊಗ್ಗನ್ನು ಕಣ್ಣಿನ ಹತ್ತಿರ ಹಿಡಿದು, ಪ್ರಪಂಚದಲ್ಲಿ ಅದೊಂದೇ ಮೊಗ್ಗು ಇರುವಂತೆ ಪರೀಕ್ಷೆ ಮಾಡುತ್ತಿದ್ದರು. ಹೂವಿನ ನೆಪದಲ್ಲಿ ಅವರು ತಲೆ ಎತ್ತಲೇ ಇಲ್ಲ.

ಮೇಷ್ಟ್ರು ಮಹಡಿಗೆ ಹೋದ ತಕ್ಷಣ ಅತ್ತೆಯನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ. "ಏನತ್ತೆ ಇದು? ಅವರು ತಮಿಳು ಅಂದುಕೊಂಡು ಕಲಿತಿದ್ದಾರೆ! ನಿಮಗೆ ಗೊತ್ತಿತ್ತಾ?"

"ಮೆಲ್ಲಗೆ ಮಾತಾಡೇ."

"ಗೊತ್ತಿತ್ತಾ ಇಲ್ವಾ?"

"ಆಮಾಂ, ಗೊತ್ತಿತ್ತು" ಅಂದರು ಅತ್ತೆ. ಒಲೆಯ ಕಟ್ಟೆಯನ್ನು ಸೆರಗಿನಿಂದ ಒರೆಸತೊಡಗಿದರು, ಅದು ಮೊದಲೇ ಚೊಕ್ಕವಾಗಿತ್ತು. "ತಮಿಳು ಹೇಳ್ಕೊಡು ಅಂತ ತಾನೇ ಅವನು ಕೇಳಿದ್ದು. ನಾನೂ ತಮಿಳೇ ಹೇಳ್ಕೊಡೋಣಾಂತ ಕೂತೆ. ಮೊದಲ್ನೇ ದಿನ ಬಾಯಿಗೆ ಇದು ಬಂದುಬಿಡ್ತು. ಸರಿ, ನಾಳೆ ತಿದ್ದೋಣಾಂತಿದ್ದೆ. ಮಾರ್ನೇ ದಿನ ಬಂದು ಎದುರಿಗೆ ಕೂತು, 'ಅಮ್ಮಾ, ರಾತ್ರಿ ನಿದ್ದೆ ಬಂತಾ?' ಅಂದ. ಅಷ್ಟು ದೊಡ್ಡ ಆಳು, ಅಷ್ಟು ಕಷ್ಟಪಟ್ಟು ಒಂದೊಂದೇ ಮಾತು ಕೂಡಿಸ್ಕೊಂಡು. ನಿನ್ನ ಮಾವ ಹೋದ ಮೇಲೆ ಈ ಮನೇಲಿ ನನ್ನ ಭಾಷೇಲಿ ಹಾಗೆ ಯಾರು ಕೇಳಿದಾರೆ, ನೀನೇ ಹೇಳು?"

ನಮ್ಮವರ ಮಾತು ಅಮ್ಮನ ಹತ್ತಿರ ಕೂಡ ಕನ್ನಡದಲ್ಲಿ ಹೊರಟು ತಮಿಳಿನಲ್ಲಿ ಮುಗಿಯುತ್ತದೆ. ಮಗಳಂತೂ ಕೇಳಲೇಬೇಡಿ. ಅಜ್ಜಿ "ತಿಂಡಿ ತಿಂದ್ಯಾ ಕಂದ?" ಅಂದರೆ, ಫೋನಿನಿಂದ ತಲೆಯೆತ್ತದೆ "ಸಾಪ್ಟೇನ್ ಪಾಟ್ಟಿ" ಅನ್ನುತ್ತಾಳೆ, ತಿಂದೆ ಅಜ್ಜಿ ಅಂತ. ಎಲ್ಲ ಅರ್ಥವಾಗುತ್ತದೆ, ಒಂದು ಮಾತು ಆಡುವುದಿಲ್ಲ. ಮೈಸೂರಿನಿಂದ ಬಂದವಳು ನಾನಿದ್ದೆನಲ್ಲ? ಅಂಬತ್ತೂರಿನಿಂದ ಎರಡು ಬಸ್ಸು ಬದಲಿಸಿ ಬಂದ ನನ್ನಲ್ಲಿ ಉಳಿದಿರುತ್ತಿದ್ದ ಕನ್ನಡವೆಂದರೆ "ಗ್ಯಾಸ್ ಬುಕ್ ಮಾಡಿದ್ರಾ, ಹಾಲು ಬಂತಾ", ಇಷ್ಟೇ. ಅವರ ಕೊಂಜವನ್ನು ಆಡಿಕೊಂಡು ನಗಲು ನನಗೆ ಪುರುಸೊತ್ತಿತ್ತು, ಎದುರಿಗೆ ಕುರ್ಚಿ ಎಳೆದುಕೊಂಡು ಕೂರಲು ಇರಲಿಲ್ಲ. ನನಗೆ ನಾಚಿಕೆಯಾಯಿತು.

"ಆದರೂ ಹೇಳಲೇಬೇಕು ಅತ್ತೆ. ಇಲ್ಲದಿದ್ದರೆ ಶನಿವಾರ ಅಷ್ಟೊಂದು ಜನರ ಮುಂದೆ ಅವರ ಮಾನ ಹೋಗುತ್ತೆ. ನೀವೇ ಹೇಳಿ."

"ಹೇಳಿದ್ರೆ ನಾಳೆಯಿಂದ ಬರಲ್ಲ ಅವನು" ಅಂದರು ಅತ್ತೆ. ಎಪ್ಪತ್ತೆಂಟು ವರ್ಷದ ಹೆಂಗಸು, ಗೊಂಬೆ ಕಿತ್ತುಕೊಂಡ ಮಗುವಿನ ಹಾಗೆ ನಿಂತಿದ್ದರು.

ಭಾನುವಾರ ಏಕಾದಶಿ, ಹಸಿದ ಹೊಟ್ಟೆಯಲ್ಲಿ ಕೆಟ್ಟ ಸುದ್ದಿ ಹೇಳಬಾರದು ಅಂದರು. ಸೋಮವಾರ ದ್ವಾದಶಿ, ತುಂಬಿದ ಹೊಟ್ಟೆಯಲ್ಲೂ ಹೇಳಬಾರದಂತೆ. ಮಂಗಳವಾರ ಯಾಕಾಗದು ಅಂದರೆ, ಮಂಗಳವಾರ ಅಲ್ಲವಾ ಅಂದರು! ಬುಧವಾರ ನಾನು ರಜೆ ಹಾಕಿ ಮನೆಯಲ್ಲೇ ಕೂತೆ. ಸಂಜೆ ಐದಕ್ಕೆ ಮೇಷ್ಟ್ರು ಬಂದು ಮಹಡಿ ಹತ್ತಿದ ತಕ್ಷಣ ಅತ್ತೆ ತಾವಾಗಿಯೇ ಎದ್ದರು. "ಅವನು ಇಳಿದು ಬಂದು ಕೂತ್ರೆ ನನ್ನ ಬಾಯಿ ಏಳಲ್ಲ. ನಾನೇ ಮೇಲೆ ಹೋಗ್ತೀನಿ."

ಹದಿನಾರು ಮೆಟ್ಟಿಲು. ಆ ಮಂಡಿಯಲ್ಲಿ ಅವರು ಮಹಡಿ ಹತ್ತಿ ಎಷ್ಟೋ ಕಾಲವಾಗಿತ್ತು. ಮಗಳು ಕೈ ಹಿಡಿದಳು, ನಾನು ಹಿಂದೆ. ಒಂದೊಂದು ಮೆಟ್ಟಿಲಿಗೂ ರಾಘವೇಂದ್ರರನ್ನು ಕರೆಯುತ್ತ ಹತ್ತಿದರು. ಮೇಷ್ಟ್ರು ಗಾಬರಿಯಾಗಿ ಬಾಗಿಲಿಗೆ ಓಡಿ ಬಂದು, ಇದ್ದ ಒಂದೇ ಒಳ್ಳೆಯ ಕುರ್ಚಿಯನ್ನು ಕೊಟ್ಟರು.

"ನೋಡಪ್ಪ" ಅಂದರು ಅತ್ತೆ. "ನಾನು ನಿನಗೆ ಮೋಸ ಮಾಡಿದೀನಿ. ನಾನು ಹೇಳ್ಕೊಟ್ಟಿದ್ದು ತಮಿಳಲ್ಲ, ಕನ್ನಡ."

"ಕನ್ನಡ?" ಮೇಷ್ಟ್ರು ನನ್ನ ಕಡೆ ನೋಡಿದರು. "ಅದು ಬೇರೆ ಭಾಷೆಯಾ?"

"ಬೇರೆ. ಬೆಂಗಳೂರು ಮೈಸೂರು ಕಡೇದು" ಅತ್ತೆಯೇ ಅಂದರು.

"ಈ ಊರಲ್ಲಿ ಯಾರೂ ಮಾತಾಡಲ್ವಾ?"

"ನಾವು ಮಾತಾಡ್ತೀವಿ."

"ನಾವು ಅಂದ್ರೆ ಯಾರು ಅಮ್ಮಾ?"

ಅತ್ತೆ ನನ್ನನ್ನು ನೋಡಿದರು, ಮೊಮ್ಮಗಳನ್ನು ನೋಡಿದರು. ಆಮೇಲೆ ತಮ್ಮ ಕೈಬೆರಳುಗಳನ್ನು ನೋಡಿಕೊಂಡು, "ನಾನು" ಅಂದರು.

ಮೇಷ್ಟ್ರ ಹೊಟ್ಟೆ ನಗುವಿಗೆ ಕುಲುಕಿತು. "ಆಟೋ!" ಅಂದರು. "ವಾಚ್‌ಮನ್! ಬಾಳೆಹಣ್ಣು! ಆರು ತಿಂಗಳು ನಾನು ಉಚ್ಚಾರ ತಿದ್ದಿದೆ!" ನಕ್ಕು ನಕ್ಕು ಗೋಡೆಗೆ ಒರಗಿದರು. ಆ ಕೆಂಪು ಮುಖ ಇನ್ನೂ ಕೆಂಪಾಗಿ, ಕಣ್ಣಲ್ಲಿ ನೀರು ಬಂತು. ಭೂಗೋಳದ ಮೇಷ್ಟ್ರು ನಾನು, ಬೆಂಗಳೂರಿಗೆ ಮುನ್ನೂರೈವತ್ತು ಕಿಲೋಮೀಟರ್, ಅಷ್ಟು ದಾರಿ ತಪ್ಪಿದೆ ಅಂದರು. ಅತ್ತೆ ಮಾತ್ರ ನಗಲಿಲ್ಲ. ಕೋಪವಿಲ್ಲವೇ ನಿನಗೆ ಅಂತ ಕೇಳಿದರು.

ಮೇಷ್ಟ್ರು ನೆಲದ ಮೇಲೆ, ಅತ್ತೆಯ ಕಾಲ ಬಳಿ ಕೂತರು. ತಡವರಿಸುತ್ತ ಹೇಳಿದರು: "ನಮ್ಮಜ್ಜಿಗೆ ನಮ್ಮ ಊರಿನ ಭಾಷೆ, ವೇಲ್ಸಿನದು. ಅವಳು ಅದರಲ್ಲಿ ಕೇಳೋಳು. ನಾನು ಇಂಗ್ಲಿಷಿನಲ್ಲಿ ಹೇಳ್ತಿದ್ದೆ. ಅವಳು ಹೋದ ಮೇಲೆ ಕಲಿತೆ, ಪುಸ್ತಕದಲ್ಲಿ. ಕಲಿತು ಯಾರ ಹತ್ತಿರ ಮಾತಾಡ್ಲಿ ಅಮ್ಮಾ?"

ಅತ್ತೆ ಅವರ ನರೆತ ತಲೆಯ ಮೇಲೆ ಕೈಯಿಟ್ಟರು. ಮಗಳು ಬಾಗಿಲ ಚಿಲಕವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದಳು. ನಾನು ಸುಮ್ಮನಿರು ಅಂತ ಗದರಿದೆ, ನನಗೂ ಏನಾದರೂ ಮಾಡಬೇಕಾಗಿತ್ತಲ್ಲ.

ಭಾಷಣಕ್ಕೆ ಮುಂಚೆ ಉಳಿದದ್ದು ಎರಡೇ ದಿನ. ತಮಿಳು ಯಾರು ಕಲಿಸಬೇಕು? "ನನಗೆ ಬೇಡಪ್ಪ, ನನ್ನ ಬಾಯಿ ನಂಬೋ ಹಾಗಿಲ್ಲ" ಅಂದುಬಿಟ್ಟರು ಅತ್ತೆ. ಎಲ್ಲರೂ ಮಗಳ ಕಡೆ ನೋಡಿದೆವು. ಅವಳು ಭುಜ ಕುಣಿಸಿ "ಓಕೆ" ಅಂದಳು.

ಗುರುವಾರ ನಾನು ಆಫೀಸಿನಿಂದ ಬಂದಾಗ ಪಾಠ ಮಹಡಿಯಲ್ಲಿ ನಡೆದಿತ್ತು. ಜಗಲಿಯಲ್ಲಿ ಅತ್ತೆ ಒಬ್ಬರೇ. ಎದುರಿನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹೂವಿನ ಬುಟ್ಟಿ ಇಟ್ಟುಕೊಂಡಿದ್ದರು, ಅದು ಖಾಲಿ ಕಾಣಬಾರದು ಅಂತ ಇರಬೇಕು. "ಹೋದ" ಅಂದರು ನನಗೆ, ಅಷ್ಟೆ. ಅಂದು ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಭಾಷಣ ಏನಾಯಿತು ಅಂತ ನೀವು ಕೇಳುತ್ತೀರಿ, ಗೊತ್ತು. ಚೆನ್ನಾಗೇ ಆಯಿತು. ನಾಲ್ಕು ನಿಮಿಷ ತಮಿಳಿನಲ್ಲಿ ಮಾತಾಡಿದರು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಪ್ರಿನ್ಸಿಪಾಲರು ವೇದಿಕೆಯ ಮೇಲೆಯೇ ಇನ್ನೆರಡು ವರ್ಷ ಇರಿ ಅಂದರು. ವಾಚ್‌ಮನ್ ಮಾತ್ರ ಸಾರ್ ಇಂಗ್ಲಿಷು ಮರೆತುಬಿಟ್ಟರಾ ಅಂತ ಆತಂಕಪಟ್ಟನಂತೆ. ಅದೆಲ್ಲ ಶನಿವಾರದ ಮಾತು. ನಾನು ಹೇಳಬೇಕಾಗಿರುವುದು ಅದರ ಹಿಂದಿನ ಸಂಜೆಯದು, ಶುಕ್ರವಾರದ್ದು.

ಶುಕ್ರವಾರ ಏಳು ಗಂಟೆಗೆ ಗೇಟು ತೆಗೆಯುತ್ತಿದ್ದೇನೆ, ಮಹಡಿಯಿಂದ ಒಂದು ಹುಡುಗಿಯ ದನಿ ಕೇಳಿಸಿತು. ಕನ್ನಡ! ಮೈಸೂರಿನಿಂದ ನೆಂಟರು ಯಾರೋ ಹೇಳದೆ ಕೇಳದೆ ಬಂದಿದ್ದಾರೆ, ರಾತ್ರಿಗೆ ಏನು ಅಡುಗೆ ಮಾಡಲಿ, ಮನೆಯಲ್ಲಿ ತರಕಾರಿ ಬೇರೆ ಇಲ್ಲ, ಅಂತ ಲೆಕ್ಕ ಹಾಕುತ್ತ ಒಳಗೆ ಬಂದೆ. ಮಹಡಿಯ ಮೆಟ್ಟಿಲುಗಳಲ್ಲಿ ಎಲ್ಲಕ್ಕಿಂತ ಕೆಳಗಿನದರ ಮೇಲೆ ಅತ್ತೆ ಕೂತಿದ್ದರು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟು, ಕೈ ಹಿಡಿದು ಪಕ್ಕಕ್ಕೆ ಎಳೆದು ಕೂರಿಸಿಕೊಂಡರು.

"ಯಾರತ್ತೆ ಬಂದಿರೋದು?" ಅಂದೆ ಪಿಸುಮಾತಿನಲ್ಲಿ.

"ಗುರುತು ಸಿಗಲಿಲ್ವೇನೇ? ನಿನ್ನ ಮಗಳು."

ಹೆತ್ತ ಮಗಳ ದನಿ ನನಗೆ ಗುರುತು ಸಿಕ್ಕಿರಲಿಲ್ಲ! ಹದಿನಾರು ವರ್ಷದಲ್ಲಿ ಆ ದನಿಯನ್ನು ಕನ್ನಡದಲ್ಲಿ ನಾನು ಕೇಳಿದ್ದರೆ ತಾನೇ?

"ಅವನು ಇಂಗ್ಲಿಷ್ ಬೇಡ ಅಂದನಂತೆ" ಅಂದರು ಅತ್ತೆ ನನ್ನ ಕಿವಿಯಲ್ಲಿ. "ನನಗೆ ಈಗ ಬರೋದು ಅಮ್ಮನ ಭಾಷೆ, ಅದರಲ್ಲೇ ಬಿಡಿಸಿ ಹೇಳು, ಆಗಲೇ ತಮಿಳು ತಲೆಗೆ ಹೋಗೋದು ಅಂತ ಹಟ ಹಿಡಿದನಂತೆ. ನಿನ್ನೆಯೆಲ್ಲ ಒದ್ದಾಡಿದಳಂತೆ ಪಾಪ. ಇವತ್ತು ಕೇಳು, ಹೇಗೆ ಮಾತಾಡ್ತಿದೆ ಕೂಸು!"

ಮೇಲಿನಿಂದ ಕೇಳಿಸುತ್ತಿತ್ತು. "ಸಾರ್, ಮೊದಲು ವಣಕ್ಕಂ. ಅದು ನಮಸ್ಕಾರ ತರಹ. ಆಮೇಲೆ ನೀವು ಸುಮ್ಮನೆ ನಿಲ್ಲಬೇಕು. ಜನ ಕೈ ತಟ್ಟುವರು. ತಟ್ಟಿ ಆದಮೇಲೆ ಮಾತಾಡಿ. ಇಲ್ಲ, ಇಲ್ಲ, ತಪ್ಪು ಹೇಳುತ್ತೀರಿ, ಇನ್ನೊಂದು ಸಲ." ಎಡವುತ್ತಿತ್ತು, ತಮಿಳಿನ ಎಳೆತ ಬೇಕಾದಷ್ಟಿತ್ತು. ಮಧ್ಯೆ ಒಂದು ಕಡೆ "ಕೊಂಜ ನಿಧಾನ" ಅಂದಳು. ಥೇಟ್ ಅವಳ ಅಜ್ಜಿಯದೇ ಕನ್ನಡ. ನನಗೆ ಅಷ್ಟು ಚೆಂದದ ಕನ್ನಡ ಬೇರೆಲ್ಲೂ ಕೇಳಿದ ನೆನಪಿಲ್ಲ.

ಆಮೇಲೆ ಮಾತು ನಿಂತಿತು. ಏನೋ ಸಿಕ್ಕಿಕೊಂಡಿತು ಅವಳಿಗೆ. ಮಹಡಿಯ ಬಾಗಿಲು ತೆರೆದ ಸದ್ದಾಯಿತು. ಪಾಟ್ಟಿ ಅನ್ನಲಿಲ್ಲ ಅವಳು.

"ಅಜ್ಜೀ! ಪೊರುಮೈ ಅಂದ್ರೆ ಕನ್ನಡದಲ್ಲಿ ಏನಜ್ಜೀ?"

ಅತ್ತೆ ಮುಖ ತಿರುಗಿಸಿಕೊಂಡರು, ಹಿಡಿದ ನನ್ನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದರು. ಮಗು ಕಾಯುತ್ತಿದೆಯಲ್ಲ ಅಂತ ನಾನೇ ಹೇಳಲು ಬಾಯಿ ತೆರೆದೆ. ತಟ್ಟನೆ ಅತ್ತೆಯ ಅಂಗೈ ನನ್ನ ಬಾಯಿ ಮುಚ್ಚಿತು. ಸೆರಗಿನಿಂದ ಕಣ್ಣೊರೆಸಿಕೊಂಡು, ಕೆಮ್ಮಿ ಗಂಟಲು ಸರಿಮಾಡಿಕೊಂಡು, ಮೇಲಕ್ಕೆ ಮುಖವೆತ್ತಿ, ಬೀದಿಯ ತುದಿಗೆ ಕೇಳಿಸುವಷ್ಟು ಗಟ್ಟಿಯಾಗಿ ಅವರೇ ಕೂಗಿ ಹೇಳಿದರು:

"ತಾಳ್ಮೆ! ತಾಳ್ಮೆ ಅಂತಾರೆ ಕಂದಾ, ತಾಳ್ಮೆ!"